ಚೊಚ್ಚಲ ಮರಿ ಹಾಕಿದ ಕುದುರೆ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಮರಿಯನ್ನು ಬೇರೆ ಕುದುರೆಗಳ ಜೊತೆ ಬಿಡುವುದು, ಹಾಲು ಬಿಡಿಸುವುದು ಯಾವಾಗ?

ಬೇರೆ ಕುದುರೆ ಹತ್ತಿರ ಬಂದರೆ ನಿಮ್ಮ ಕುದುರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಹೋಗುತ್ತದೆ ಎಂದಿದ್ದೀರಿ. ಅದು ಒಳ್ಳೆಯ ತಾಯಿಯ ಲಕ್ಷಣ, ಗದರಿಸಬೇಡಿ. ತಾಯಿ ಮರಿಯನ್ನು ನೆಕ್ಕಿ, ಮೂಸಿ ಬೇಗನೆ ಗುರುತು ಹಿಡಿಯುತ್ತದೆ. ಮರಿಗೆ ತಾಯಿಯ ಗುರುತು ಗಟ್ಟಿಯಾಗಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಎದುರಿಗೆ ಕದಲುವ ಯಾವ ದೊಡ್ಡ ಪ್ರಾಣಿಯ ಹಿಂದೆ ಬೇಕಾದರೂ ಹೊರಟುಬಿಡುತ್ತದೆ. ಅದಕ್ಕೇ ತಾಯಿ ಉಳಿದವನ್ನು ಅಟ್ಟುವುದು.

ಮರಿಯನ್ನೇ ಕಚ್ಚಿದರೆ, ಒದ್ದರೆ ವಿಷಯ ಬೇರೆ. ಚೊಚ್ಚಲ ಕುದುರೆಗೆ ಕೆಚ್ಚಲು ಬಿಗಿದು ನೋಯುತ್ತಿರಬಹುದು. ಒಬ್ಬರು ತಲೆ ಹಿಡಿದುಕೊಂಡು, ಇನ್ನೊಬ್ಬರು ಸ್ವಲ್ಪ ಹಾಲು ಕರೆದು ಮೆತ್ತಗೆ ಮಾಡಿ, ಆಮೇಲೆ ಮರಿಯನ್ನು ಹಚ್ಚಿ. ಆದರೂ ಮೇಲೆರಗಿದರೆ ಬೇರ್ಪಡಿಸಿ, ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಇನ್ನೂ ಮೊದಲ ದಿನವೇ ಆಗಿದ್ದರೆ ಇದನ್ನು ಗಮನಿಸಿ: 1 ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, 2 ಗಂಟೆಯೊಳಗೆ ಹಾಲು ಕುಡಿಯಬೇಕು, 3 ಗಂಟೆಯೊಳಗೆ ಮಾಸು (ಗರ್ಭದಲ್ಲಿ ಮರಿಯನ್ನು ಸುತ್ತಿಕೊಂಡಿದ್ದ ಪೊರೆ) ಪೂರ್ತಿ ಬೀಳಬೇಕು. ಬೀಳದಿದ್ದರೆ ಕೈಹಾಕಿ ಎಳೆಯಬೇಡಿ, ವೈದ್ಯರಿಗೆ ಹೇಳಿ. ಒಳಗೇ ಉಳಿದ ಚೂರಿನಿಂದ ಗರ್ಭಕೋಶ ಕೊಳೆತು, ಗೊರಸಿನ ಉರಿಯೂತದವರೆಗೂ ಹೋಗುತ್ತದೆ. ಗಿಣ್ಣುಹಾಲು ತಪ್ಪಲೇಬಾರದು. ಕುದುರೆಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯ ರೋಗನಿರೋಧಕ ಅಂಶಗಳು ಸಿಗುವುದಿಲ್ಲ. ಗಿಣ್ಣುಹಾಲಿನಲ್ಲಿರುವುದನ್ನು ಹೀರಿಕೊಳ್ಳುವ ಶಕ್ತಿಯೂ 24 ಗಂಟೆಯಲ್ಲಿ ಮುಗಿದುಹೋಗುತ್ತದೆ. ಆಮೇಲೂ ದಿನಾ ಕೆಚ್ಚಲು ನೋಡಿ. ಕೆಚ್ಚಲು ತುಂಬಿ ಹಾಲು ತೊಟ್ಟಿಕ್ಕುತ್ತಿದ್ದರೆ, ಮರಿಯ ಮುಖಕ್ಕೆಲ್ಲ ಹಾಲು ಮೆತ್ತಿದ್ದರೆ, ಅದು ಕುಡಿಯುತ್ತಿಲ್ಲ ಎಂದೇ ಅರ್ಥ. ಮರಿ ತಾಯಿಯ ಲದ್ದಿ ತಿನ್ನುವುದು ಮಾತ್ರ ಸಹಜ, ತಡೆಯಬೇಡಿ. ಮೇವು ಅರಗಿಸುವ ಸೂಕ್ಷ್ಮಜೀವಿಗಳು ಅದಕ್ಕೆ ಸಿಗುವುದು ಹೀಗೆಯೇ.

ಜೊತೆಗೆ ಬಿಡುವ ವಿಷಯ. ಮೊದಲ ವಾರ ತಾಯಿ-ಮರಿ ಇಬ್ಬರೇ ಇರಲಿ. ಆಮೇಲೆ ಬೇಲಿಯಾಚೆಯಿಂದ ಉಳಿದವನ್ನು ನೋಡಲಿ, ಮೂಸಲಿ. ಒಳಗೆ ಬಿಡುವಾಗ ಎಲ್ಲವನ್ನೂ ಒಟ್ಟಿಗೆ ಬಿಡದೆ, ಶಾಂತ ಸ್ವಭಾವದ ಒಂದು ಹೆಣ್ಣುಕುದುರೆಯಿಂದ ಶುರುಮಾಡಿ. ಅದಕ್ಕೂ ಮರಿ ಇದ್ದರೆ ಇನ್ನೂ ಒಳ್ಳೆಯದು. ಜಾಗ ವಿಶಾಲವಾಗಿರಲಿ, ಮರಿ ಸಿಕ್ಕಿಕೊಳ್ಳುವಂಥ ಮೂಲೆ ಇರಬಾರದು, ದೊಡ್ಡ ಕುದುರೆಯ ಹಿಂಗಾಲಿನ ಲಾಳ ತೆಗೆಸಿರಿ. ಮರಿ ಕತ್ತು ಚಾಚಿ, ಬಾಯಿ ತೆರೆದು ಮುಚ್ಚಿ ಹಲ್ಲು ಕಟಕಟಿಸುವುದನ್ನು ನೋಡುತ್ತೀರಿ. ಹಿರಿಯ ಕುದುರೆಗೆ ‘ನಾನು ಚಿಕ್ಕವನು’ ಎಂದು ಹೇಳುವ ರೀತಿ ಅದು. ಹಾಗೆಂದು ಹಿರಿಯದು ಗದರುವುದೇ ಇಲ್ಲ ಎಂದಲ್ಲ. ಬೆನ್ನಟ್ಟಿ ಹೊಡೆಯದೆ ಸಣ್ಣಗೆ ಕಚ್ಚಿ ಬಿಟ್ಟರೆ ನೀವು ಮಧ್ಯೆ ಹೋಗಬೇಡಿ. ಕಚ್ಚಿದರೆ, ಒದ್ದರೆ ಏನಾಗುತ್ತದೆಂದು ಮರಿ ಅಲ್ಲೇ ಕಲಿಯಬೇಕು. ಗಂಡುಮರಿಗಳು ಮುಂಗಾಲೆತ್ತಿ ಕುಸ್ತಿಯಾಡುತ್ತವೆ. ಹೆಣ್ಣುಮರಿಗಳಿಗೆ ಓಟ, ಪರಸ್ಪರ ಜೂಲು ಕೆರೆದುಕೊಳ್ಳುವುದು ಹೆಚ್ಚು ಇಷ್ಟ. ಆ ಕುಸ್ತಿ ಮನುಷ್ಯರ ಜೊತೆ ಬೇಡವೇ ಬೇಡ: ಇಂದು 50 ಕಿಲೋ ಇರುವ ಮರಿ ಅದೇ ಆಟವನ್ನು ನಾಳೆ 200 ಕಿಲೋ ತೂಕದಲ್ಲಿ ಆಡುತ್ತದೆ. ಮರಿಯನ್ನು ಹಿಡಿದು ಒತ್ತಾಯದಿಂದ ಸವರುವುದಕ್ಕಿಂತ, ಅದರ ಕಣ್ಣೆದುರಿಗೇ ತಾಯಿಯ ಮೈ ಉಜ್ಜಿ. ಮರಿ ತಾನಾಗಿ ಹತ್ತಿರ ಬರುತ್ತದೆ.

ಹಾಲು ಬಿಡಿಸಲು ನನ್ನ ಪ್ರಕಾರ 6 ತಿಂಗಳು ಸರಿ, 4ಕ್ಕಿಂತ ಮೊದಲು ಬೇಡ. ಕಾಡಿನಲ್ಲಿ ಸ್ವತಂತ್ರವಾಗಿರುವ ಕುದುರೆಗಳಲ್ಲಿ ತಾಯಿಯೇ 9-10 ತಿಂಗಳಿಗೆ ಬಿಡಿಸುತ್ತದೆ. ಮುಂಚಿನಿಂದಲೇ ಮರಿಗೆ ಒಣಹುಲ್ಲು, ದಾಣಿ ರೂಢಿಯಾಗಿರಲಿ. ಅದೇ ವಾರ ಲಸಿಕೆ, ಪ್ರಯಾಣ ಇಟ್ಟುಕೊಳ್ಳಬೇಡಿ. ಪರಿಚಿತ ಜಾಗದಲ್ಲಿ, ಪರಿಚಿತ ಕುದುರೆಗಳ ನಡುವೆ ಮರಿಯನ್ನು ಬಿಟ್ಟು ತಾಯಿಯನ್ನು ಹೊರಗೆ ಕರೆದೊಯ್ಯಿರಿ. ಒಂಟಿಯಾಗಿ ಲಾಯದಲ್ಲಿ ಕೂಡಿಹಾಕಿದ ಮರಿಯೇ ಮುಂದೆ ಮರ ಕಚ್ಚಿ ಗಾಳಿ ನುಂಗುವ, ನಿಂತಲ್ಲೇ ತೂಗಾಡುವ ಚಟ ಕಲಿಯುವುದು. ಹತ್ತಿದ ಮೇಲೆ ಬಿಡಿಸುವುದು ಬಹಳ ಕಷ್ಟ. ತಾಯಿಗೆ ಕೆಲವು ದಿನ ದಾಣಿ ನಿಲ್ಲಿಸಿ, ಹಾಲು ಕರೆಯಬೇಡಿ, ಕರೆದಷ್ಟೂ ಹಾಲು ಮತ್ತೆ ತುಂಬಿಕೊಳ್ಳುತ್ತದೆ. ಕೆಚ್ಚಲು ಬಿಸಿಯಾಗಿ ಕಲ್ಲಿನಂತಾದರೆ, ಜ್ವರ ಬಂದರೆ ಕೆಚ್ಚಲುಬಾವು, ಔಷಧ ಬೇಕು.

ನಿಮ್ಮದು ಗಂಡುಮರಿಯಾದರೆ ವರ್ಷ ತುಂಬುವುದರೊಳಗೆ ತಾಯಿ ಮತ್ತು ಇತರ ಹೆಣ್ಣುಕುದುರೆಗಳಿಂದ ಬೇರೆ ಮಾಡಿ, ಬೀಜ ತೆಗೆಸಿದ ಹಿರಿಯ ಗಂಡುಕುದುರೆಯೊಂದರ ಜೊತೆ ಬಿಡಿ.