ಬರಹಗಾರರಿಗೆ ಸಲಹೆ: ಕತ್ತರಿಗಳೆಲ್ಲ ಬಂದಿವೆ, ಕತ್ತರಿಸಲಾಗದ್ದು ಎಲ್ಲಿ?

ನಮಸ್ಕಾರ,

ನೀವು ಕಳಿಸಿದ ‘ಕೆಂಪು ಕೋಟೆಯ ರಾಕ್ಷಸ’ವನ್ನು ಎರಡು ಸಲ ಓದಿದೆ. ಮಲೇರಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ಸೇರಿಕೊಂಡು ಹಿಮೋಗ್ಲೋಬಿನನ್ನು ಹೇಗೆ ಅರಗಿಸಿಕೊಳ್ಳುತ್ತದೆ ಅನ್ನುವುದು ನಿಮ್ಮ ವಿಷಯ. ವಿಷಯ ಚೆನ್ನಾಗಿದೆ. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪ್ಯಾರಾ ತೆಗೆದುಹಾಕಿ. ಕೋಟೆ, ಮುತ್ತಿಗೆ, ರಕ್ತದ ಹೊಳೆ ಯಾವುದೂ ಬೇಡ. ಅಷ್ಟು ಓದಿದರೂ ಓದುಗರಿಗೆ ಒಂದೇ ಒಂದು ಸಂಗತಿ ಸಿಕ್ಕಿರುವುದಿಲ್ಲ.

ಮೂರನೇ ಪ್ಯಾರಾದಲ್ಲಿ ಹೀಗೆ ಬರೆದಿದ್ದೀರಿ: “ಪ್ಲಾಸ್ಮೆಪ್ಸಿನ್, ಫಾಲ್ಸಿಪೇನ್, ಫಾಲ್ಸಿಲೈಸಿನ್ ಮುಂತಾದ ಪ್ರೋಟಿಯೇಸ್ ಕಿಣ್ವಗಳು ಹಿಮೋಗ್ಲೋಬಿನನ್ನು ವಿಘಟಿಸುತ್ತವೆ.” ತಪ್ಪೇನಿಲ್ಲ, ಆದರೆ ಇದು ಹಾಜರಿ ಕೂಗಿದ ಹಾಗಿದೆ. ಪ್ರೋಟಿಯೇಸ್ ಅಂದರೆ ಪ್ರೋಟೀನ್ ಕತ್ತರಿಸುವ ಕತ್ತರಿ. ಒಂದು ಪ್ರೋಟೀನ್ ಕತ್ತರಿಸಲು ಇಷ್ಟೊಂದು ಕತ್ತರಿ ಯಾಕೆ? ಓದುಗರು ಕೇಳುವುದು ಅದನ್ನೇ ಅಲ್ವಾ?

ಹಿಮೋಗ್ಲೋಬಿನ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ನಾಲ್ಕು ಸರಪಳಿಗಳ ಬಿಗಿಯಾದ ಗಂಟು. ಪ್ಲಾಸ್ಮೆಪ್ಸಿನ್ ಆಲ್ಫಾ ಸರಪಳಿಯ 33 ಮತ್ತು 34ನೇ ಅಮೈನೋ ಆಮ್ಲಗಳ ನಡುವೆ ಕಚ್ಚುತ್ತದೆ. ಗಂಟನ್ನು ಹಿಡಿದಿಟ್ಟಿರುವ ಜಾಗವೇ ಅದು. ಅಲ್ಲಿ ಕತ್ತರಿ ಬಿದ್ದರೆ ಇಡೀ ಗಂಟು ಸಡಿಲ. ಆಮೇಲೆ ಫಾಲ್ಸಿಪೇನ್‌ಗಳು ನುಗ್ಗುತ್ತವೆ. ಫಾಲ್ಸಿಲೈಸಿನ್ ಇಡೀ ಹಿಮೋಗ್ಲೋಬಿನನ್ನು ಮುಟ್ಟುವುದೇ ಇಲ್ಲ, ಚೂರುಗಳನ್ನು ಮಾತ್ರ ಇನ್ನಷ್ಟು ಚೂರು ಮಾಡುತ್ತದೆ. ಕೊನೆಗೆ ತುದಿಯಿಂದ ಎರಡೆರಡಾಗಿ, ಒಂದೊಂದಾಗಿ ಅಮೈನೋ ಆಮ್ಲ ಬಿಡಿಸುವ ಕಿಣ್ವಗಳು. ಈ ಬಿಚ್ಚುವಿಕೆಯನ್ನು ತೋರಿಸಿ, ಹೆಸರುಗಳು ತಾವಾಗಿಯೇ ನೆನಪಲ್ಲಿ ಉಳಿಯುತ್ತವೆ.

ಆದರೆ ಇದನ್ನು ಅಚ್ಚುಕಟ್ಟಾದ ಸಾಲಿನ ಹಾಗೆ ಬರೆಯಬೇಡಿ. “ಪ್ಲಾಸ್ಮೆಪ್ಸಿನ್ ಇಲ್ಲದಿದ್ದರೆ ಪರಾವಲಂಬಿ ಸಾಯುತ್ತದೆ” ಎಂಬ ನಿಮ್ಮ ವಾಕ್ಯ ತಪ್ಪು. ಪರಾವಲಂಬಿ ಹಿಮೋಗ್ಲೋಬಿನ್ ಅರಗಿಸುವ ಚೀಲದಲ್ಲಿ, ಅಂದರೆ ಆಹಾರ ಕುಹರದಲ್ಲಿರುವ ನಾಲ್ಕೂ ಪ್ಲಾಸ್ಮೆಪ್ಸಿನ್‌ಗಳ ಜೀನ್ ತೆಗೆದುಹಾಕಿದರೂ ಅದು ಬದುಕುತ್ತದೆ, ನಿಧಾನವಾಗಿ ಬೆಳೆಯುತ್ತದೆ ಅಷ್ಟೇ. ಫಾಲ್ಸಿಪೇನ್‌ಗಳನ್ನು ತಡೆದರೆ ಮಾತ್ರ ಕುಹರ ಅರಗದ ಹಿಮೋಗ್ಲೋಬಿನ್ ತುಂಬಿಕೊಂಡು ಊದಿಕೊಳ್ಳುತ್ತದೆ. ಈ ಕುಹರವನ್ನು ನೀವು ‘ಹೊಟ್ಟೆ’ ಅಂದಿದ್ದೀರಿ. ಇರಲಿ, ನನಗೆ ಇಷ್ಟವಾಯಿತು. ಒಂದೇ ಕೋಶದ ಜೀವಿ, ಹೊಟ್ಟೆ ಅಂದರೆ ಆಮ್ಲ ತುಂಬಿದ ಒಂದು ಚೀಲ ಅಂತ ಮೊದಲೇ ಹೇಳಿಬಿಡಿ. “ಕೆಲವೇ ಕ್ಷಣಗಳಲ್ಲಿ” ಅರಗಿಸುತ್ತದೆ ಅನ್ನುವುದನ್ನೂ ತಿದ್ದಿ. ಫಾಲ್ಸಿಪಾರಮ್ ಎಂಬ ಈ ಮಲೇರಿಯಾ ಪರಾವಲಂಬಿ ರಕ್ತಕಣದೊಳಗೆ ಸುಮಾರು 48 ಗಂಟೆ ಇರುತ್ತದೆ.

ಈಗ ನನ್ನ ದೊಡ್ಡ ತಕರಾರು. ಆರು ಪುಟದ ಲೇಖನದಲ್ಲಿ ಹೀಮ್ ಅನ್ನುವ ಮಾತೇ ಇಲ್ಲ! ಪ್ರೋಟಿಯೇಸ್ ಕತ್ತರಿಸುವುದು ಪ್ರೋಟೀನನ್ನು. ಹೀಮ್ ಪ್ರೋಟೀನ್ ಅಲ್ಲ, ಅದು ಹಿಮೋಗ್ಲೋಬಿನ್‌ನೊಳಗೆ ಇರುವ, ಕಬ್ಬಿಣ ಹೊತ್ತ ತುಣುಕು. ಊಟ ಮುಂದುವರಿದಷ್ಟೂ ಅದು ಮಿಗುತ್ತಾ ಹೋಗುತ್ತದೆ. ಪರಾವಲಂಬಿಗೆ ಅದು ವಿಷ, ಕತ್ತರಿಸಲು ಕತ್ತರಿ ಇಲ್ಲ. ಅದಕ್ಕೇ ಅದು ಹೀಮನ್ನು ಹರಳು ಕಟ್ಟಿ ಕುಹರದಲ್ಲೇ ಇಟ್ಟುಕೊಳ್ಳುತ್ತದೆ. ಆ ಹರಳಿನ ಹೆಸರು ಹೀಮೋಜೋಯಿನ್. ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಅಡ್ಡ ಬರುವುದು ಈ ಹರಳು ಕಟ್ಟುವ ಕೆಲಸಕ್ಕೇ. 1897ರಲ್ಲಿ ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯ ಗುರುತು ಹಿಡಿದದ್ದೂ ಇದೇ ಕಪ್ಪು ಕಣಗಳಿಂದ.

ತಮಾಷೆ ಅಂದರೆ, ನೀವು ಇದನ್ನು ಕಣ್ಣಾರೆ ನೋಡಿದ್ದೀರಿ. ನಾಲ್ಕನೇ ಪುಟದ ಮಧ್ಯದಲ್ಲಿ ಒಂದು ಸಾಲು: “ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಬಣ್ಣ ಹಾಕದ ಜೀವಂತ ಕಣದೊಳಗೆ ಒಂದು ಕಂದು ಚುಕ್ಕಿ ಸುಮ್ನೆ ನಡುಗುತ್ತಲೇ ಇತ್ತು.” ಅದೇ ಹೀಮೋಜೋಯಿನ್! ಕುಹರದ ದ್ರವದಲ್ಲಿ ಹರಳುಗಳು ಹಾಗೆ ಕುಣಿಯುತ್ತವೆ. ಇಡೀ ಲೇಖನದಲ್ಲಿ ನೀವೇ ನೋಡಿ ಬರೆದ ಸಾಲು ಇದೊಂದೇ, ಅದನ್ನು ಹೋಗಿ ನಾಲ್ಕನೇ ಪುಟದಲ್ಲಿ ಹೂತಿದ್ದೀರಿ. ಅಲ್ಲಿಂದಲೇ ಶುರು ಮಾಡಿ. ಚುಕ್ಕಿ ಏನು, ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದರೆ ಕತ್ತರಿಗಳು ಒಂದೊಂದಾಗಿ ಸಿಗುತ್ತವೆ.

ಜಾಗ ಉಳಿದರೆ ‘ಹಸಿವು’ ಎಂಬ ಪದದ ಬಗ್ಗೆಯೂ ಯೋಚಿಸಿ. ಪರಾವಲಂಬಿ ರಕ್ತಕಣದ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ, ಆದರೆ ಬಂದ ಅಮೈನೋ ಆಮ್ಲಗಳಲ್ಲಿ ಬಹುಪಾಲನ್ನು ಹೊರಗೆ ತಳ್ಳುತ್ತದೆ. ಬೆಳೆಯಲು ಜಾಗ ಮಾಡಿಕೊಳ್ಳುವುದೂ ಉದ್ದೇಶ ಇರಬಹುದು ಎಂಬ ವಾದವಿದೆ. ಇಷ್ಟು ತಿಂದರೂ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ ಸಿಗುವುದಿಲ್ಲ, ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಅದು ಇಲ್ಲವೇ ಇಲ್ಲ. ಅದನ್ನು ಕಣದ ಹೊರಗಿನಿಂದಲೇ ತರಿಸಿಕೊಳ್ಳಬೇಕು.

ಮೂರು ಪುಟ ಸಾಕು. ಹೆಸರು ಆಮೇಲೆ ನೋಡೋಣ, ರಾಕ್ಷಸ ಮಾತ್ರ ಬೇಡ. ಹಾಂ, ‘ಫಾಲ್ಸಿಪೇನ್’ ನಿಮ್ಮಲ್ಲಿ ಮೂರು ಕಡೆ ಮೂರು ಥರ ಇದೆ. ಯಾವುದಾದರೂ ಒಂದನ್ನು ಇಟ್ಟುಕೊಂಡು ಕಳಿಸಿ.

— ಸಂಪಾದಕ