ಬೀಗರೂಟದ ದಿನ ಖಾಲಿ ಉಳಿದ ಪುಟ

"ಮೇಡಂ, ತೂಕ ಇಳಿಸೋಕೆ ಮೊದಲಿದ್ದ ಹುರುಪು ಈಗ ಇಲ್ಲ. ಅದೊಂದು ವಾಪಸ್ ಬಂದ್ರೆ ಸಾಕು, ಮಿಕ್ಕಿದ್ದನ್ನ ನಾನೇ ನೋಡ್ಕೋತೀನಿ." ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದು ಕೂತ ತಕ್ಷಣ ಅವರು ಕೇಳಿದ್ದು ಇಷ್ಟೇ. ನಂಜುಂಡ ಅಂತ ಕರೆಯೋಣ, ನಿಜವಾದ ಹೆಸರಲ್ಲ. ಊರು, ಕೆಲಸ, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.

ವಯಸ್ಸು 41. ಮಂಡ್ಯ ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಕಚೇರಿ ಕೆಲಸ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಎತ್ತರ 170 ಸೆಂಟಿಮೀಟರ್, ಶುರುವಿನಲ್ಲಿ ತೂಕ 88 ಕಿಲೋ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂದಿತ್ತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಅರ್ಥ. ತೂಕ ಇಳಿಸಿ ಅಂತ ಡಾಕ್ಟರು ಹೇಳಿದರು. ಇವರು ಅವತ್ತೇ ಫೋನಿಗೆ ಕ್ಯಾಲೊರಿ ಆ್ಯಪ್ ಹಾಕಿಕೊಂಡರು, ಅಡುಗೆಮನೆಗೆ ಡಿಜಿಟಲ್ ತಕ್ಕಡಿ ತಂದರು, ಕೈಗೆ ಸ್ಮಾರ್ಟ್ ವಾಚ್ ಕಟ್ಟಿದರು. ಆ್ಯಪ್‌ನಲ್ಲಿ ದಿನಕ್ಕೆ 1,200 ಕ್ಯಾಲೊರಿ ಅಂತ ತಾವೇ ಗುರಿ ಇಟ್ಟುಕೊಂಡರು. ಯಾರನ್ನೂ ಕೇಳಲಿಲ್ಲ.

ಮೊದಲ ಎರಡೂವರೆ ತಿಂಗಳು ಚೆನ್ನಾಗಿ ಹೋಯಿತು. 7 ಕಿಲೋ ಇಳಿಯಿತು, ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ಆಮೇಲೆ 81ರಲ್ಲಿ ನಿಂತುಬಿಟ್ಟಿತು. ಒಂದು ವಾರ ಆಯಿತು, ಎರಡಾಯಿತು, ನಾಲ್ಕಾಯಿತು, ಇಳಿಯಲಿಲ್ಲ. ಇವರು ಇನ್ನೂ ಬಿಗಿ ಮಾಡಿದರು. ದಿನಕ್ಕೆ ಒಂದು ಸಲ ತೂಕ ನೋಡುತ್ತಿದ್ದವರು ಎದ್ದ ತಕ್ಷಣ, ವಾಕಿಂಗ್ ಆದ ಮೇಲೆ, ಮಲಗೋ ಮುಂಚೆ ಅಂತ ಮೂರು ಸಲ ನೋಡೋಕೆ ಶುರು ಮಾಡಿದರು. ತಾಯಿ ಮುದ್ದೆ ಮೇಲೆ ಒಂದು ಚಮಚ ತುಪ್ಪ ಹಾಕಿದ್ದಕ್ಕೆ ತಟ್ಟೆ ತಳ್ಳಿ ಎದ್ದು ಹೋದರು. ಹೆಂಡತಿ ನನ್ನ ಹತ್ತಿರ ಕಳಿಸಿದ್ದು ನಿಜ ಹೇಳಬೇಕಂದ್ರೆ ತೂಕಕ್ಕಲ್ಲ, ಈ ಸಿಟ್ಟಿಗೆ.

ಇದರ ಮಧ್ಯೆ ನೆಂಟರ ಮನೆಯಲ್ಲಿ ಮದುವೆ ಆಯಿತು, ಅದರ ಹಿಂದೆ ಬೀಗರೂಟ ಬಂತು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಅನ್ನ, ಪಂಕ್ತಿಯಲ್ಲಿ ಬೇಡ ಅನ್ನೋಕೂ ಬಿಡದೆ ಬಡಿಸುವವರು, ಆ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಹೊಟ್ಟೆ ತುಂಬ ಉಂಡರು. ಅವತ್ತು ಆ್ಯಪ್‌ನಲ್ಲಿ ಏನೂ ಬರೆಯಲಿಲ್ಲ. ಮಾರನೇ ದಿನ ತೂಕ 83. "ಹೇಗೂ ಎಲ್ಲ ಹಾಳಾಯ್ತಲ್ಲ" ಅಂತ ಅವತ್ತೂ ಬರೆಯಲಿಲ್ಲ, ಅದರ ಮಾರನೇ ದಿನವೂ ಇಲ್ಲ, ಹಾಗೇ ಮೂರು ವಾರ ಕಳೆಯಿತು. ನಡುವೆ ಎರಡು ಸಲ ಜಿಮ್‌ಗೆ ಹೋಗಿ ತಿಂದಿದ್ದನ್ನ ಸುಡ್ತೀನಿ ಅಂತ ಟ್ರೆಡ್‌ಮಿಲ್ ಮೇಲೆ ಓಡಿ ಮಂಡಿ ನೋವು ತಂದುಕೊಂಡರು.

ಆ್ಯಪ್ ತೆಗೆಸಿ ಹಿಂದಿನ ತಿಂಗಳುಗಳನ್ನ ಇಬ್ಬರೂ ಕೂತು ನೋಡಿದೆವು. ಬರೆದ ದಿನಗಳೆಲ್ಲ ಹಸಿರು, ಅಂದ್ರೆ ಗುರಿಯ ಒಳಗೆ. ಒಂದೂ ಕೆಂಪು ಇಲ್ಲ. ಆದರೆ ಎಷ್ಟೋ ಭಾನುವಾರಗಳು ಖಾಲಿ, ಹಬ್ಬಗಳು ಖಾಲಿ, ಕಚೇರಿಯಲ್ಲಿ ಯಾರದ್ದೋ ಬರ್ತ್‌ಡೇ ಇದ್ದ ದಿನ ಖಾಲಿ. ನನಗೆ ಸಮಸ್ಯೆ ಕಂಡಿದ್ದು ಅಲ್ಲಿ. ಜಾಸ್ತಿ ತಿಂದ ದಿನವನ್ನೇ ಬರೆಯದೆ ಬಿಟ್ಟರೆ ಆ ಲೆಕ್ಕದಿಂದ ಕಲಿಯೋಕೆ ಏನೂ ಉಳಿಯೋದಿಲ್ಲ, ಅಲ್ವಾ? ಅವರು ಆ್ಯಪನ್ನ ಲೆಕ್ಕದ ಪುಸ್ತಕದ ಥರ ಇಟ್ಟಿರಲಿಲ್ಲ, ಅಂಕಪಟ್ಟಿಯ ಥರ ಇಟ್ಟಿದ್ದರು. ಕಡಿಮೆ ಅಂಕ ಬರುವ ಪರೀಕ್ಷೆಗೆ ಹೋಗದೆ ತಪ್ಪಿಸಿಕೊಳ್ಳುತ್ತಿದ್ದರು. ಹುರುಪು ಹೋಗಿದ್ದಕ್ಕೆ ಸೋಮಾರಿತನ ಕಾರಣ ಅಲ್ಲ, ಈ ಹೆದರಿಕೆ ಕಾರಣ. ಒಂದು ಸಲ ಎಡವಿದ ಕೂಡಲೇ "ಎಲ್ಲ ಹೋಯ್ತು" ಅಂತ ಪೂರ್ತಿ ಕೈಬಿಡುವುದನ್ನ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಕುಡಿತ ಬಿಡುವವರಲ್ಲಿ ಗುರುತಿಸಿದ್ದರು. ಊಟದ ವಿಷಯದಲ್ಲೂ ನಡೆಯೋದು ಅದೇ.

ಹಾಗಾಗಿ ಮೊದಲು ಮಾಡಿದ ಕೆಲಸ, ಆ ಬೀಗರೂಟವನ್ನ ಬರೆಯೋದು. ಅವರಿಗೆ ಇಷ್ಟ ಇರಲಿಲ್ಲ. ಬಲವಂತ ಮಾಡಲಿಲ್ಲ, ಆದರೆ ಕಾದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಂಥ ಎರಡು ಮುದ್ದೆ ಅಂದ್ರೆ 640. ಮಟನ್, ಗೊಜ್ಜು, ಮೇಲೆ ತೇಲುತ್ತಿದ್ದ ಎಣ್ಣೆ, ಅನ್ನ, ಎಲ್ಲ ಧಾರಾಳವಾಗಿ ಹಾಕಿದರೂ ಒಟ್ಟು 2,200 ದಾಟಲಿಲ್ಲ. ಅವತ್ತು ಉಳಿದ ಹೊತ್ತಿನಲ್ಲಿ ತಿಂದಿದ್ದೂ ಸೇರಿಸಿದರೆ 2,900. ಅವರ ದೇಹ ದಿನಕ್ಕೆ ಖರ್ಚು ಮಾಡುವುದು ಹೆಚ್ಚುಕಮ್ಮಿ 2,300. ಅಂದ್ರೆ ನಿಜವಾಗಿ ಜಾಸ್ತಿ ಆಗಿದ್ದು ಸುಮಾರು 600. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ, ಆ ಲೆಕ್ಕದಲ್ಲಿ ಆ ಊಟದಿಂದ ಸೇರಿದ ಕೊಬ್ಬು 100 ಗ್ರಾಂ ಕೂಡ ಇಲ್ಲ.

"ಮತ್ತೆ 2 ಕಿಲೋ ಎಲ್ಲಿಂದ ಬಂತು?" ಅಂದರು. ನೀರು. ಉಪ್ಪು ಜಾಸ್ತಿ ಆದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತೆ. ಮುದ್ದೆ, ಅನ್ನದ ಪಿಷ್ಟ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂರುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದುಕೊಳ್ಳುತ್ತೆ. ಇನ್ನು ಹೊಟ್ಟೆಯಲ್ಲಿದ್ದ ಊಟದ ಭಾರ ಬೇರೆ. ಸುಮ್ನೆ ಮಾಮೂಲಿ ಊಟಕ್ಕೆ ಮರಳಿದ್ದರೆ ಕೆಲವೇ ದಿನಗಳಲ್ಲಿ ಅದರಲ್ಲಿ ಬಹುಪಾಲು ಇಳಿದುಹೋಗುತ್ತಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಇದನ್ನ ಅವತ್ತೇ ಬರೆದಿದ್ರೆ ಮೂರು ವಾರ ಉಳೀತಿತ್ತು" ಅಂದರು. ನಾನು ಹೇಳಬೇಕಿದ್ದ ಮಾತನ್ನ ಅವರೇ ಹೇಳಿದ್ದು ನನಗೆ ತುಂಬ ಸಮಾಧಾನ ಕೊಟ್ಟಿತು.

ಇನ್ನು 1,200ರ ವಿಷಯ. ಇದನ್ನ ಸ್ವಲ್ಪ ಖಡಕ್ಕಾಗಿಯೇ ಹೇಳಿದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರ ಮೇಲೆ ಹಸಿವಿನ ಪ್ರಯೋಗ ಮಾಡಿದ್ದರು. ಅವರಿಗೆ ಆರು ತಿಂಗಳು ಕೊಟ್ಟಿದ್ದು ದಿನಕ್ಕೆ 1,600 ಕ್ಯಾಲೊರಿಯ ಆಸುಪಾಸು. ಆ ಹುಡುಗರು ಸಿಡುಕರಾದರು, ಮಂಕಾದರು, ಹಗಲೂ ರಾತ್ರಿ ಊಟದ ಬಗ್ಗೆಯೇ ಯೋಚಿಸುತ್ತ ಅಡುಗೆ ಪುಸ್ತಕ ಓದುತ್ತ ಕೂತರು. ನಂಜುಂಡ ಅದಕ್ಕಿಂತ ಕಡಿಮೆ ಗುರಿ ಇಟ್ಟುಕೊಂಡು, ಕಚೇರಿ ಕೆಲಸವನ್ನೂ ಮಾಡಿ, ಬೆಳಿಗ್ಗೆ ಒಂದು ಗಂಟೆ ನಡೆದು, ಮೇಲೆ ಖುಷಿಯಾಗಿಯೂ ಇರಬೇಕು ಅಂತ ತಮ್ಮಿಂದಲೇ ನಿರೀಕ್ಷೆ ಮಾಡುತ್ತಿದ್ದರು! ತಾಯಿಯ ಮೇಲೆ ಹಾರಿಬಿದ್ದಿದ್ದು ಅವರ ಗುಣ ಅಲ್ಲ, ಬಹಳಷ್ಟು ಮಟ್ಟಿಗೆ ಅದು ಹಸಿವು. ಡಯಟಿಷಿಯನ್ ಹತ್ತಿರ ಕಳಿಸಿದೆ, ಯಾಕಂದ್ರೆ ಊಟದ ಅಳತೆ ಹೇಳೋದು ನನ್ನ ಕೆಲಸ ಅಲ್ಲ. ಅವರು ಗುರಿಯನ್ನ 1,800ಕ್ಕೆ ಏರಿಸಿದರು, ಕಾಳು, ಮೊಟ್ಟೆ, ಮೊಸರು ಜಾಸ್ತಿ ಮಾಡಿಸಿದರು. ಏರಿಸಿದ್ದಕ್ಕೆ ನಂಜುಂಡಗೆ ಗಾಬರಿ. ಆದರೆ ಖಾಲಿ ಬಿಟ್ಟ ದಿನಗಳನ್ನೂ ಸೇರಿಸಿ ಅಂದಾಜು ಮಾಡಿದರೆ ಅವರು ನಿಜಕ್ಕೂ ತಿನ್ನುತ್ತಿದ್ದಿದ್ದು 1,200 ಆಗಿರಲೇ ಇಲ್ಲ.

ಆಮೇಲೆ ಕೊಟ್ಟ ಸಲಹೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾವ ದಿನವನ್ನೂ ಖಾಲಿ ಬಿಡಬೇಡಿ. ಗ್ರಾಂ ಲೆಕ್ಕ ಬೇಡ, "ಅತ್ತೆ ಮನೆ, ಹೋಳಿಗೆ 3, ತುಪ್ಪ ಜಾಸ್ತಿ" ಅಂತ ಒಂದು ಸಾಲು ಬರೆದರೂ ಸಾಕು. ಲೆಕ್ಕ ವಾರದ್ದು ನೋಡಿ, ದಿನದ್ದಲ್ಲ. ದಿನಕ್ಕೆ 1,800 ಅಂದ್ರೆ ವಾರಕ್ಕೆ 12,600. ಒಂದು ದಿನ 2,400 ಆದರೂ ವಾರ ಮುಗಿದುಹೋಗಿಲ್ಲ. ಹಾಗಂತ ಮಾರನೇ ದಿನ ಉಪವಾಸ ಇದ್ದು ಸರಿದೂಗಿಸೋದು ಬೇಡ, ಅದು ಮತ್ತೆ ಶಿಕ್ಷೆಯೇ. ತೂಕ ಬೆಳಿಗ್ಗೆ ಒಂದೇ ಸಲ, ಮತ್ತು ಏಳು ದಿನದ ಸರಾಸರಿಯನ್ನ ಮಾತ್ರ ಹಿಂದಿನ ವಾರದ ಸರಾಸರಿ ಜೊತೆ ಹೋಲಿಸಿ. ಟೇಪಿನಿಂದ ಸೊಂಟದ ಅಳತೆಯನ್ನೂ ತಿಂಗಳಿಗೊಮ್ಮೆ ಬರೆದಿಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅನ್ನೋದು ಇಲ್ಲಿನ ವೈದ್ಯರು ಒಪ್ಪಿಕೊಂಡಿರುವ ಮಿತಿ.

ಎಣ್ಣೆಯ ವಿಷಯದಲ್ಲಿ ಹೆಂಡತಿಯನ್ನೂ ಕರೆದು ಮಾತಾಡಿದೆ. ಅವರು ಒಗ್ಗರಣೆ ಹಾಕುವಾಗ ಇವರು ಪಕ್ಕದಲ್ಲಿ ಚಮಚ ಹಿಡಿದು ನಿಲ್ಲುತ್ತಿದ್ದರಂತೆ! ಅಡುಗೆ ಮಾಡುವವರಿಗೆ ಅದೆಷ್ಟು ಕಿರಿಕಿರಿ, ಯೋಚಿಸಿ. ಒಂದೇ ಪಾತ್ರೆಯಲ್ಲಿ ಐದು ಜನರ ಸಾರು ಕುದಿಯುವಾಗ ತನ್ನ ಪಾಲಿನ ಎಣ್ಣೆ ಎಷ್ಟು ಅಂತ ಹುಡುಕೋದು ಆಗದ ಕೆಲಸ. ಅದರ ಬದಲು ತಿಂಗಳ ಲೆಕ್ಕ ಹಿಡಿಯೋಣ ಅಂದೆ. ಅವರ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ ಬರುತ್ತಿತ್ತು. ಒಂದು ಲೀಟರ್ ಎಣ್ಣೆಯಲ್ಲಿ 8,000ಕ್ಕೂ ಮೇಲೆ ಕ್ಯಾಲೊರಿ ಇದೆ. 4 ಲೀಟರಿಗೆ ಇಳಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ 50ರಷ್ಟು ಕಡಿಮೆ, ಮಕ್ಕಳಿಗೂ ಒಳ್ಳೆಯದೇ. ಹೆಂಡತಿ ಒಪ್ಪಿದರು, ಚಮಚ ಹಿಡಿದು ಅಡುಗೆಮನೆಗೆ ಬರಬಾರದು ಅನ್ನೋ ಷರತ್ತಿನ ಮೇಲೆ.

ವ್ಯಾಯಾಮವನ್ನ ಊಟದ ಸಾಲ ತೀರಿಸೋಕೆ ಬಳಸಬೇಡಿ ಅಂತ ಕೇಳಿಕೊಂಡೆ. ವಾಚ್‌ನಲ್ಲಿ 500 ಕ್ಯಾಲೊರಿ ಸುಟ್ಟೆ ಅಂತ ಬಂದರೆ ಅದನ್ನ ನಂಬಿ ಅಷ್ಟು ತಿನ್ನೋದೂ ಬೇಡ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ 7 ಸಾಧನಗಳನ್ನ ಪರೀಕ್ಷೆ ಮಾಡಿದಾಗ ಹೃದಯ ಬಡಿತವನ್ನ ಬಹುಪಾಲು ಸರಿಯಾಗಿ ತೋರಿಸಿದವು, ಆದರೆ ಕ್ಯಾಲೊರಿ ಲೆಕ್ಕದಲ್ಲಿ ಇದ್ದುದರಲ್ಲೇ ಚೆನ್ನಾಗಿದ್ದ ಸಾಧನ ಕೂಡ ಸರಾಸರಿ 27 ಶೇಕಡಾ ತಪ್ಪಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ತೂಕ ಒಂದು ಗ್ರಾಂ ಇಳಿಯದೇ ಇದ್ದರೂ ಯಾವುದನ್ನ ಮಾಡ್ತೀರಿ ಅಂತ ಕೇಳಿದೆ. ಯೋಚಿಸಿ "ವಾಲಿಬಾಲ್" ಅಂದರು. ಕಾಲೇಜಿನಲ್ಲಿ ಆಡುತ್ತಿದ್ದರಂತೆ. ಮಂಡಿಯನ್ನ ಡಾಕ್ಟರಿಗೆ ತೋರಿಸಿ, ಅವರು ಸರಿ ಅಂದ ಮೇಲೆ ತಾಲ್ಲೂಕು ಮೈದಾನದಲ್ಲಿ ಸಂಜೆ ಆಡುವ ಗುಂಪಿಗೆ ಸೇರಿಕೊಂಡರು.

ಎರಡನೇ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಿದೆ. ಮನಶ್ಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ರೋಲ್‌ನಿಕ್ ರೂಪಿಸಿದ ಆಪ್ತಸಲಹೆಯ ವಿಧಾನದಲ್ಲಿ ಇದು ತುಂಬ ಬಳಕೆಯ ಪ್ರಶ್ನೆ. ತೂಕ ಇಳಿಸೋದು ನಿಮಗೆ ಎಷ್ಟು ಮುಖ್ಯ, 10ಕ್ಕೆ ಎಷ್ಟು ಕೊಡ್ತೀರಿ? 6 ಅಂದರು. 9 ಯಾಕಿಲ್ಲ ಅಂತ ಕೇಳಿದರೆ ನೆಪಗಳು ಬರುತ್ತವೆ, 3 ಯಾಕಲ್ಲ ಅಂತ ಕೇಳಬೇಕು. ಕೇಳಿದೆ. ಅವರ ತಂದೆಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ತೆಗೆದಿದ್ದು, ಆಮೇಲೆ ಡಯಾಲಿಸಿಸ್‌ಗೆ ವಾರವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದದ್ದು, ಮಗನಾಗಿ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದು, ಎಲ್ಲ ಹೇಳಿಕೊಂಡರು. "ನನ್ನ ಮಗ ನನ್ನನ್ನ ಹಾಗೆ ಕರ್ಕೊಂಡು ಓಡಾಡಬಾರದು." ಹೊಟ್ಟೆ ಕರಗಬೇಕು, ಶರ್ಟು ಕೂರಬೇಕು ಅನ್ನೋ ಆಸೆ ತಕ್ಕಡಿ ನಿಂತ ದಿನ ತಾನೂ ನಿಂತುಹೋಗುತ್ತೆ. ಈ ಕಾರಣಕ್ಕೆ ತಕ್ಕಡಿಯ ಹಂಗಿಲ್ಲ. ಆ ಮಾತನ್ನ ಅವರ ಕೈಯಲ್ಲೇ ಬರೆಸಿದೆ.

ಒಂದು ದಿನ ತಪ್ಪಿದರೆ ಅಭ್ಯಾಸ ಮುರಿಯುತ್ತಾ ಅಂತ ಅವರು ಪದೇ ಪದೇ ಕೇಳುತ್ತಿದ್ದರು. 2010ರಲ್ಲಿ ಪ್ರಕಟವಾದ ಲಂಡನ್ನಿನ ಫಿಲಿಪಾ ಲ್ಯಾಲಿ ಅವರ ತಂಡದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರೋಕೆ ಜನರಿಗೆ 18ರಿಂದ 254 ದಿನ ಬೇಕಾಗಿತ್ತು, ಮಧ್ಯದ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ.

ಐದು ತಿಂಗಳ ನಂತರ ಅವರ ತೂಕ 77, ಎಚ್‌ಬಿಎ1ಸಿ 5.7. ನಡುವೆ ಒಂದು ತಿಂಗಳು ಒಂದು ಕಿಲೋ ಏರಿತ್ತು, ಆ ತಿಂಗಳ ಊಟವೂ ಪೂರ್ತಿ ಬರೆದಿತ್ತು. ನೋಡಿದ ಕೂಡಲೇ ಕಾರಣ ಸಿಕ್ಕಿತು, ಆಡಿಟ್ ಸಮಯದಲ್ಲಿ ಸಂಜೆ ಕಚೇರಿಗೆ ತರಿಸುತ್ತಿದ್ದ ಬೋಂಡ ಮತ್ತು ಸಕ್ಕರೆ ಹಾಕಿದ ಕಾಫಿ. ಈಗ ಹುರಿಗಡಲೆ ಡಬ್ಬಿ ಡ್ರಾಯರ್‌ನಲ್ಲಿದೆ.

ಇದನ್ನ ಓದುವವರಲ್ಲಿ ಯಾರಿಗಾದರೂ ಕದ್ದು ತಿನ್ನೋದು, ತಿಂದು ವಾಂತಿ ಮಾಡಿಕೊಳ್ಳೋದು, ದಿನಗಟ್ಟಲೆ ಊಟ ಬಿಡೋದು, ಅಂಕಿ ನೋಡದೆ ಒಂದು ತುತ್ತೂ ಇಳಿಯದ ಸ್ಥಿತಿ ಇದ್ದರೆ, ದಯವಿಟ್ಟು ಕ್ಯಾಲೊರಿ ಎಣಿಸೋದನ್ನ ನಿಲ್ಲಿಸಿ ಮನೋವೈದ್ಯರನ್ನ ಕಾಣಿ. ಯಾರ ಹತ್ತಿರ ಹೇಳಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಂಜುಂಡಗೆ ಇನ್ನೂ 5 ಕಿಲೋ ಇಳಿಸುವ ಆಸೆ ಇದೆ. ಡಯಟಿಷಿಯನ್ ಜೊತೆ ಮಾತಾಡಿ ಸದ್ಯಕ್ಕೆ ಅದನ್ನ ಮುಂದಕ್ಕೆ ಹಾಕಿದ್ದೇವೆ. ಮುಂದಿನ ಆರು ತಿಂಗಳು 77ರ ಆಸುಪಾಸಿನಲ್ಲಿ ನಿಲ್ಲೋದೇ ಕೆಲಸ. ಪ್ರತಿ ಊಟ ಬರೆಯೋದು ಬಿಟ್ಟು ತಿಂಗಳಲ್ಲಿ ಒಂದು ವಾರ ಮಾತ್ರ ಬರೀತಾರೆ. ವಾರದ ಸರಾಸರಿ 79 ದಾಟಿದರೆ ನನಗಾಗಲಿ ಡಯಟಿಷಿಯನ್‌ಗಾಗಲಿ ಫೋನ್ ಮಾಡಬೇಕು ಅಂತ ಮಾತಾಗಿದೆ.