ಲೈಟ್ ಆರಿದರೆ ಕಾರು ರಿಪೇರಿ ಆದಂತಲ್ಲ

ಪ್ರಶ್ನೆ: ಓಬಿಡಿ ಪೋರ್ಟಿಗೆ (ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸುವ ಜಾಗ) ಹಾಕುವ, ಮೈಲೇಜ್ ಹೆಚ್ಚಿಸುತ್ತೆ ಅನ್ನುವ ಚಿಪ್ ತಗೊಳ್ಳಬಹುದಾ?

ಬೇಡ. ಒಂದನ್ನು ಬಿಚ್ಚಿ ನೋಡಿದ್ದೇನೆ, ಒಳಗೆ ಲೈಟ್ ಮಿನುಗಿಸುವ ಸರ್ಕ್ಯೂಟ್ ಬಿಟ್ಟರೆ ಏನೂ ಇರಲಿಲ್ಲ.

ಪ್ರಶ್ನೆ: ಚೆಕ್ ಎಂಜಿನ್ ಲೈಟ್ ಬಂದಿದೆ. ಬ್ಯಾಟರಿ ಟರ್ಮಿನಲ್ ಅರ್ಧ ಗಂಟೆ ಬಿಚ್ಚಿಟ್ಟರೆ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ರಿಸೆಟ್ ಆಗುತ್ತದಂತೆ. ಮನೆಯಲ್ಲೇ ಮಾಡಲಾ ಸಾರ್?

ಹಾಸನದ ನಮ್ಮ ಗ್ಯಾರೇಜಿಗೆ ಮಳೆಗಾಲದಲ್ಲಿ ಈ ಪ್ರಶ್ನೆ ಬರದ ವಾರವೇ ಇಲ್ಲ. ಮಾಡಬಹುದು, ಆದರೆ ಈಗ ಬೇಡ. ಲೈಟ್ ಬಂದಾಗ ತೊಂದರೆ ಏನು ಅಂತ ಹೇಳುವ ಒಂದು ಕೋಡನ್ನು ಇಸಿಎಂ ಇಟ್ಟುಕೊಳ್ಳುತ್ತದೆ. ತೊಂದರೆ ಆದ ಹೊತ್ತಿಗೆ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು ಅನ್ನೋದೂ ಅದರ ಜೊತೆ ಇರುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ನಮಗೆ ಇರೋ ಸುಳಿವು ಇದೊಂದೇ. ಟರ್ಮಿನಲ್ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಇದೆಲ್ಲ ಅಳಿಸಿ ಹೋಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ಬ್ಯಾಟರಿ ತೆಗೆದರೂ ಕೋಡ್ ಹೋಗುವುದಿಲ್ಲ.

ಮೂಡಿಗೆರೆ ಕಡೆಯ ತೋಟದವರೊಬ್ಬರು ಮೂರು ಸಲ ಹೀಗೇ ರಿಸೆಟ್ ಮಾಡಿ, ಆಮೇಲೆ ಕಾರು ತಂದರು. ಪ್ರತಿ ಸಲ ಎರಡು ದಿನ ಸುಮ್ನಿದ್ದು ಲೈಟ್ ಮತ್ತೆ ಬರುತ್ತಿತ್ತಂತೆ. ಕೋಡ್ ಇರಲಿಲ್ಲ, ಹಾಗಾಗಿ ವೈರಿಂಗ್ ಪೂರ್ತಿ ಕೈಯಲ್ಲಿ ಹಿಡಿದು ಹುಡುಕಬೇಕಾಯಿತು. ಕೊನೆಗೆ ಸಿಕ್ಕಿದ್ದು ಇಲಿ ಕಡಿದ ಆಕ್ಸಿಜನ್ ಸೆನ್ಸರ್ ವೈರು. ಮೇಲಿನ ಸಿಪ್ಪೆ ಹೋಗಿ ತಾಮ್ರದ ಎರಡೇ ಎಳೆ ಉಳಿದಿದ್ದವು, ಗಾಡಿ ಗುಂಡಿಗೆ ಇಳಿದಾಗಲೆಲ್ಲ ಕನೆಕ್ಷನ್ ತಪ್ಪುತ್ತಿತ್ತು. ನಮ್ಮ ಕಡೆ ಮಳೆ ಹಿಡಿದರೆ ಇಲಿಗೆ ಬೆಚ್ಚಗಿನ ಬಾನೆಟ್ಟೇ ಮನೆ ಅಲ್ವಾ, ಮೊದಲು ಅಲ್ಲಿ ನೋಡಿ.

ಅದಕ್ಕೇ ಮೊದಲು ಸ್ಕ್ಯಾನರಿನಲ್ಲಿ ಕೋಡ್ ಓದಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಪಿ0171 ಅಂತ ಬಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಂತ ಅರ್ಥ, ಪಿ0300 ಅಂದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಾರಣ ಸರಿಮಾಡಿ, ಆಮೇಲೆ ಸ್ಕ್ಯಾನರಿನಿಂದಲೇ ಅಳಿಸಿ. ಕಾರಣ ಹುಡುಕದೆ ಬರೀ ಕೋಡ್ ಅಳಿಸಿ "ಕಂಪ್ಯೂಟರ್ ಚಾರ್ಜ್" ಅಂತ ದುಡ್ಡು ಕೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ.

ರಿಪೇರಿ ಆದಮೇಲೂ ಟರ್ಮಿನಲ್ಲೇ ಬಿಚ್ಚಬೇಕು ಅಂದರೆ ಕೀ ತೆಗೆದು, ನೆಗೆಟಿವ್ ಮಾತ್ರ ಬಿಚ್ಚಿ. ಗಡಿಯಾರ, ಪವರ್ ವಿಂಡೋ ಮತ್ತೆ ಸೆಟ್ ಮಾಡಬೇಕಾಗಬಹುದು, ಕೆಲವು ಸ್ಟೀರಿಯೋ ಲಾಕ್ ತೆಗೆಯುವ ಕೋಡ್ ಕೇಳುತ್ತವೆ. ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಇಸಿಎಂ ದಿನಾ ಓಡಾಡಿ ಕಲಿತಿದ್ದೂ ಹೋಗಿರುತ್ತದೆ. ಒಂದೆರಡು ದಿನ ಐಡ್ಲಿಂಗ್ ಏರುಪೇರಾದರೆ ಗಾಬರಿ ಬೇಡ, ಆದರೆ ಅವತ್ತೇ ಶಿರಾಡಿ ಘಾಟಿಗೆ ಹೊರಡಬೇಡಿ.

ಲೈಟ್ ಮಿನುಗುತ್ತಿದ್ದರೆ ಮಾತ್ರ ಇದ್ಯಾವುದೂ ಅಲ್ಲ, ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಮಿಸ್‌ಫೈರ್ ಜೋರಾಗಿದೆ ಅಂತ ಅರ್ಥ, ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದು ಕರಗಿದರೆ ಬದಲಾಯಿಸೋದಕ್ಕೆ ಹತ್ತಾರು ಸಾವಿರ ಬೇಕು.

ಪ್ರಶ್ನೆ: ಏರ್‌ಬ್ಯಾಗ್ ಲೈಟನ್ನೂ ಹೀಗೇ ಆರಿಸಬಹುದಾ?

ಇಲ್ಲ. ಅದರ ವೈರಿಗೆ ಮನೆಯಲ್ಲಿ ಕೈ ಹಾಕಲೇಬೇಡಿ.